ಹಂಡೆ ತಿಂದ ಸೌದೆ

ಮೊನ್ನೆ ಚಳ್ಳಕೆರೆಯ ನಮ್ಮ ಮನೆಯ ಗೀಸರಿಗೆ ಸೋಮಾರಿತನ ಬಂತು. ಎಷ್ಟು ಹೊತ್ತು ಹಾಕಿಟ್ಟರೂ ನೀರು ಉಗುರುಬೆಚ್ಚಗಷ್ಟೇ ಆಗುತ್ತಿತ್ತು. ರಿಪೇರಿಗೆ ಬಂದ ಮಸ್ತಾನ್ ಬಚ್ಚಲಿನ ನೆಲದ ಮೇಲೆ ಹಳೆಯ ಪೇಪರು ಹಾಸಿ ಅದರ ಹೊಟ್ಟೆಯಿಂದ ಕಾಯಿಲ್ ಎಳೆದು ಹಾಕಿದ. ಅದು ಕಾಯಿಲಿನಂತೆ ಕಾಣುತ್ತಲೇ ಇರಲಿಲ್ಲ. ಮೈತುಂಬ ಬೂದುಬಿಳುಪಿನ ಕಲ್ಲು ಹಕ್ಕಳೆಗಟ್ಟಿತ್ತು. ಸ್ಕ್ರೂಡ್ರೈವರಿನಿಂದ ಮೀಟಿದರೆ ಚಕ್ಕೆಚಕ್ಕೆಯಾಗಿ ಉದುರಿತು, ಜೊತೆಗೆ ಹಸಿ ಸುಣ್ಣದ ಒಂದು ತಣ್ಣನೆಯ ವಾಸನೆ ಎದ್ದಿತು. "ಬೋರಿನ ನೀರಲ್ವಾ ಅಕ್ಕ, ಸುಣ್ಣ ಕಟ್ಟೈತೆ ನೋಡ್ರಿ. ಕರೆಂಟೆಲ್ಲಾ ಈ ಕಲ್ಲು ಕಾಯ್ಸಾಕೇ ಹೋಗ್ತಿತ್ತು" ಎಂದು ಮಸ್ತಾನ್ ನಕ್ಕ. ಅವನ ಪಾಲಿಗೆ ಅದು ದಿನದ ಕೆಲಸ. ನಾನು ಮಾತ್ರ ಒಂದು ಚಕ್ಕೆ ಎತ್ತಿ ಮತ್ತೆ ಮೂಸಿದೆ. ಅದೇ ಕಲ್ಲು, ಅದೇ ವಾಸನೆ, ನಮ್ಮೂರು ತಳುಕಿನ ಮನೆಯ ಹಿತ್ತಲಿನಲ್ಲಿ ಒಂದು ದಿನ ರಾಶಿಯಾಗಿ ಬಿದ್ದಿತ್ತು. ಅದನ್ನು ನೋಡಲೇಬೇಕಾಗಿದ್ದ ಒಬ್ಬಳು ಅಷ್ಟರಲ್ಲಿ ಮಣ್ಣಾಗಿದ್ದಳು.

ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ನೀರೊಲೆ ಇತ್ತು. ನೀವೂ ಅಂಥ ಮನೆಯಲ್ಲಿ ಬೆಳೆದವರಾದರೆ ನಿಮಗೆ ಹೇಳಬೇಕಾಗಿಲ್ಲ. ಬೆಳಗಿನ ಚಳಿ, ಬಳ್ಳಾರಿ ಜಾಲಿಯ ಹೊಗೆ, ಕೆಂಡದ ಮುಂದೆ ಅಂಗೈ ಚಾಚಿ ಕೂತ ಸುಖ, ತಲೆಯ ಮೇಲೆ ಬಿದ್ದ ಮೊದಲ ಚೆಂಬು ನೀರಿಗೆ ಮೈ ಜುಮ್ಮೆಂದದ್ದು, ಎಲ್ಲ ನಿಮ್ಮಲ್ಲೂ ಇರುತ್ತದೆ. ಒಲೆಯ ಮೇಲೆ ತಾತ ತಂದು ಕೂರಿಸಿದ ತಾಮ್ರದ ಹಂಡೆ. ಕೂರಿಸಿದ್ದು ಅಂದರೆ ಸುತ್ತ ಕಲ್ಲುಮಣ್ಣು ಮೆತ್ತಿ ಕತ್ತಿನವರೆಗೆ ಹೂತದ್ದು, ಅಲ್ಲಾಡಿಸುವಂತಿರಲಿಲ್ಲ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬ ಬಂದಾಗ ಅಜ್ಜಿ ಅದರ ಕತ್ತನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಹಾಗಲಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದಳು. ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಆದರೆ ಹಂಡೆಯನ್ನು ಎಂದೂ ಬರಿದು ಮಾಡಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ. ತಳದಲ್ಲಿ ಒಂದಿಷ್ಟು ನೀರು ಉಳಿಯಲೇಬೇಕು, ಆ ನೀರು ಹಂಡೆಯದು, ಅದರ ಮೇಲೆಯೇ ಹೊಸ ನೀರು ಹೊಯ್ಯಬೇಕು. ಬರಿದಾದರೆ ಮನೆಯ ಲಕ್ಷ್ಮಿ ಹೊರಡುತ್ತಾಳೆಂದು ಅಜ್ಜಿಯ ನಂಬಿಕೆ. ಲಕ್ಷ್ಮಿ ನಮ್ಮ ಮನೆಗೆ ಬಂದದ್ದು ಯಾವಾಗ ಎಂದು ಯಾರೂ ಕೇಳಲಿಲ್ಲ.

ಸೀನೀರಿನ ಬಾವಿ ಇರುವ ತನಕ ಎಲ್ಲ ಸರಿಯಾಗಿತ್ತು. ಬಾವಿ ಬತ್ತಿ ಬೋರಿನ ನೀರು ನಲ್ಲಿಗೆ ಬಂತು. ಬೇಳೆ ಬೇಯದ, ಸೋಪು ನೊರೆಯಾಗದ ನೀರು. ಅದಾದ ಕೆಲವು ವರ್ಷಕ್ಕೆ ಹಂಡೆಗೆ ಹಸಿವು ಹೆಚ್ಚಿತು. ಒಂದು ಹಿಡಿ ಜಾಲಿಗೆ ಕುದಿಯುತ್ತಿದ್ದ ನೀರು ಎರಡು ಹಿಡಿ ಬೇಡತೊಡಗಿತು, ಆಮೇಲೆ ತೋಳ್ತುಂಬ. ಒಲೆಯ ಮುಂದೆ ಕೂರುವವಳು ಅವ್ವ, ಆದ್ದರಿಂದ ತಪ್ಪೂ ಅವ್ವನದೇ. ಅವಳ ತವರು ಮೊಳಕಾಲ್ಮೂರು ಕಡೆಯ ಕೊಂಡ್ಲಹಳ್ಳಿ. "ಆ ಕಡೆಯೋರ ಕೈಯೇ ಹಂಗೆ, ಹಿಡಿತ ಇಲ್ಲ. ಇವಳನ್ನ ಒಲೆ ಮುಂದೆ ಕುಂದ್ರಿಸಿದ್ರೆ ಒಂದು ಕಾಡೇ ಬೇಕು" ಎಂದು ಅಜ್ಜಿ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಆ ಸೌದೆಯನ್ನು ಊರಾಚೆಯ ಕರಲು ನೆಲದ ಮುಳ್ಳುಜಾಲಿಯಿಂದ ಕಡಿದು, ತಲೆಯ ಮೇಲೆ ಹೊತ್ತು ತರುತ್ತಿದ್ದವಳೂ ಅವ್ವನೇ. ಅವಳ ಅಂಗೈಯಲ್ಲಿ ಮುಳ್ಳು ಮುರಿದ ಕಪ್ಪು ಚುಕ್ಕೆಗಳು ಯಾವಾಗಲೂ ಇರುತ್ತಿದ್ದವು. ತಾನು ಹೊತ್ತದ್ದನ್ನು ತಾನೇ ಹಾಳು ಮಾಡುತ್ತಾಳೆಂದು ಬೈಸಿಕೊಳ್ಳುವ ಯೋಗ ಎಷ್ಟು ಜನಕ್ಕೆ ಇದ್ದೀತು!

ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಬಾಯ್ಲರಿನಲ್ಲಿ ಕೆಲಸಕ್ಕಿದ್ದ. ಬೆಂಕಿಯ ಬಗ್ಗೆ ಮನೆಯಲ್ಲಿ ಅವನಿಗಿಂತ ತಿಳಿದವರಿರಲಿಲ್ಲ. ಅವನು ಒಂದೊಂದಾಗಿ ಎಲ್ಲ ನೋಡಿದ. ಸೌದೆ ಹಸಿಯಿರಬೇಕೆಂದು ಒಂದು ಬೇಸಿಗೆಯಿಡೀ ಸೀಳಿ ಒಣಗಿಸಿದ. ಬೂದಿ ತುಂಬಿ ಗಾಳಿಯಾಡುತ್ತಿಲ್ಲವೆಂದು ಒಲೆಯ ಹೊಟ್ಟೆ ತೋಡಿದ. ಉರಿ ಹೊರಗೆ ನುಗ್ಗುತ್ತಿದೆಯೆಂದು ಒಲೆಬಾಯಿ ಕಿರಿದು ಮಾಡಿದ. ಹಂಡೆಯ ಕತ್ತಿನ ಸುತ್ತ ಬಿರುಕಿಗೆ ಮಣ್ಣು ಮೆತ್ತಿದ. ಹಿಂದುಗಡೆ ತಗಡಿನ ಕೊಳವೆ ನಿಲ್ಲಿಸಿದ. ಹೊಗೆ ಚೆಂದವಾಗಿ ಮೇಲೇರಿತು, ನೀರು ಮಾತ್ರ ಕಾಯಲಿಲ್ಲ. ಪ್ರತಿ ರಿಪೇರಿಯಾದಾಗಲೂ ಅಜ್ಜಿ, "ಈಗ ಒಲೆ ಸರಿ ಐತೆ. ಇನ್ನು ಸರಿ ಆಗಬೇಕಾಗಿರೋದು ಯಾರು ಅಂತ ನೀನೇ ನೋಡ್ಕೊ" ಎನ್ನುತ್ತಿದ್ದಳು. ಅಪ್ಪ ಕೈಮಣ್ಣು ತೊಳೆದುಕೊಳ್ಳಲು ತೊಟ್ಟಿಯ ಕಡೆ ಹೋಗುತ್ತಿದ್ದ. ಒಲೆ ಸರಿಹೋದಷ್ಟೂ ಅವ್ವ ತಪ್ಪಿತಸ್ಥಳಾಗುತ್ತ ಹೋದಳು.

ಅವ್ವನಿಗೆ ಗೊತ್ತಿತ್ತು. ಇದನ್ನು ಒತ್ತಿ ಹೇಳಬೇಕೆಂದೇ ಇಷ್ಟು ಬರೆಯುತ್ತಿದ್ದೇನೆ. ಹಂಡೆ ಕಾಯುವಾಗ ಒಳಗಿನಿಂದ ಕಟಕಟ ಸದ್ದು ಬರುತ್ತಿತ್ತು, ಮುಚ್ಚಳ ಅದುರುತ್ತಿತ್ತು. ಚೆಂಬು ತಳಕ್ಕೆ ತಗುಲಿದರೆ ಮೊದಲಿನ ತಾಮ್ರದ ನಾದ ಇಲ್ಲ, ಗೋಡೆಗೆ ಬಡಿದ ಹಾಗೆ. ಆಗೆಲ್ಲ ಅಪ್ಪ ವರ್ಷಕ್ಕೊಮ್ಮೆ ಮಿಲ್ಲು ನಿಲ್ಲಿಸಿದಾಗ ಬಾಯ್ಲರಿನ ಒಳಗಿಳಿದು ಕಲ್ಲು ಕೆರೆದು ಮನೆಗೆ ಬರುತ್ತಿದ್ದ. ಹುಬ್ಬು, ಮೀಸೆ, ರೆಪ್ಪೆಗೂದಲೆಲ್ಲ ಬಿಳಿ. ಹಾಗೆ ಬಂದ ಒಂದು ಸಂಜೆ ಅವನ ಬೆನ್ನು ಉಜ್ಜುತ್ತ ಅವ್ವ ಕೇಳಿದ್ದನ್ನು ನಾನು ಒಲೆಯ ಹತ್ತಿರ ಕೂತು ಕೇಳಿಸಿಕೊಂಡೆ.

"ಮಿಲ್ಲಿನ ಬಾಯ್ಲರಿಗೆ ಕಟ್ಟೋ ಕಲ್ಲು ನಮ್ಮ ಹಂಡೆಗೆ ಕಟ್ಟಲ್ವಾ? ಅದೇ ನೀರಲ್ವೇನ್ರಿ? ಒಂದು ಸಲ ಕಿತ್ತು ನೋಡ್ರಿ."

ಅಪ್ಪ ಮೀಸೆಯ ಬಿಳಿ ತೊಳೆದುಕೊಂಡ. ಆಮೇಲೆ, "ಬರಿದು ಮಾಡಬೇಕಾಗ್ತೈತೆ. ನಮ್ಮವ್ವ ಒಪ್ಪಲ್ಲ" ಎಂದ.

ಅಷ್ಟೇ. ಅವ್ವ ತನ್ನ ತವರಿನ ತೆಲುಗಿನಲ್ಲಿ "ಏಂ ಚೇಸ್ತಾಂ" ಎಂದಳು, ಏನು ಮಾಡೋಣ ಎಂದು. ಅಪ್ಪನಿಗೆ ಗೊತ್ತಿತ್ತು. ಮಂದಿಯ ಬಾಯ್ಲರಿನೊಳಗೆ ಇಳಿದು ಉಸಿರುಕಟ್ಟಿ ಕೆರೆಯುವವನು ತನ್ನ ಹೆಂಡತಿಗಾಗಿ ಹಿತ್ತಲಿನ ಒಂದು ಹಂಡೆಯನ್ನು ಮಗುಚಲಿಲ್ಲ. ತಾಯಿಗೆ ಎದುರು ಹೇಳದವನು ಒಳ್ಳೆಯವನೆಂದು ಊರಲ್ಲಿ ಅವನಿಗೆ ಹೆಸರಿತ್ತು. ಆ ಒಳ್ಳೆಯ ಹೆಸರಿಗೆ ಸೌದೆ ಒಟ್ಟಿದವಳು ಅವ್ವ. ಈ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ, ಇಳಿಯಲಿ ಎಂದೂ ನನಗೆ ಅನ್ನಿಸಿಲ್ಲ.

ಕೊನೆಗೆ ಅಜ್ಜಿ ಸೌದೆಯ ಉಸ್ತುವಾರಿ ತಾನೇ ತೆಗೆದುಕೊಂಡಳು. ಬೆಳಗಾದರೆ ರಾಶಿಯಿಂದ ತಾನು ಆರಿಸಿ ಕೊಟ್ಟಷ್ಟೇ ಉರಿಯಬೇಕು. ಮೊದಲು ಅಜ್ಜಿಯ ಸ್ನಾನ, ಆಮೇಲೆ ಅಪ್ಪ, ಆಮೇಲೆ ನಾನು. ಉರಿ ನೋಡುವವಳ ಸರದಿ ಕೊನೆಗೆ. ಅಷ್ಟರಲ್ಲಿ ಕೆಂಡ ಬೂದಿಯಾಗಿ, ತಳದಲ್ಲಿ ಬೆಚ್ಚನೆಯ ಒಂದಿಷ್ಟು ನೀರು ಉಳಿದಿರುತ್ತಿತ್ತು. ಅದು ಹಂಡೆಯ ಪಾಲು, ಮುಟ್ಟುವಂತಿಲ್ಲ. ಅವ್ವ ತೊಟ್ಟಿಯಿಂದ ತಣ್ಣೀರು ತೋಡಿಕೊಂಡು, ಗೋಣಿಪರದೆಯ ಹಿಂದೆ, ಒಂದೇ ಉಸಿರಿಗೆ ಮೈಮೇಲೆ ಸುರಿದುಕೊಳ್ಳುತ್ತಿದ್ದಳು. ಮಾಗಿಯ ಗಾಳಿ ನಮ್ಮ ಬಯಲಿನಲ್ಲಿ ಹೇಗೆ ಬೀಸುತ್ತದೆಂದು ಆ ಕಡೆ ಬದುಕಿದವರಿಗೆ ಗೊತ್ತು. ಪರದೆಯ ಹಿಂದಿನಿಂದ ಅವಳ ಹಲ್ಲು ಕಡಿಯುವ ಸದ್ದು ಬರುತ್ತಿತ್ತು. "ಚಳಿ ಆಗಲ್ವೇನವ್ವ?" ಎಂದರೆ, "ಒಲೆ ಮುಂದೆ ಕುಂತು ಕುಂತು ಮೈಯೆಲ್ಲಾ ಕಾದಿರ್ತೈತೆ ಕಣೇ, ತಣ್ಣೀರೇ ಹಿತ" ಎನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ಮಕ್ಕಳು ನಂಬಲೆಂದೇ ತಾಯಂದಿರು ಅಂಥದ್ದನ್ನು ಹೇಳುವುದು.

ಅಂಥದೇ ಒಂದು ಮಾಗಿಯಲ್ಲಿ ಅವ್ವನಿಗೆ ಜ್ವರ ಬಂತು. ನೆಗಡಿ ಎದೆಗಿಳಿಯಿತು. ತಣ್ಣೀರೇ ಕೊಂದಿತೆಂದು ನಾನು ಹೇಳಲಾರೆ, ಡಾಕ್ಟರೂ ಹಾಗೆ ಹೇಳಲಿಲ್ಲ. ಆಸ್ಪತ್ರೆಯಿಂದ ಅವಳನ್ನು ಮಲಗಿಸಿಕೊಂಡೇ ತಂದರು. ಕೊನೆಯ ಸ್ನಾನಕ್ಕೆ ನೀರು ಕಾಯಿಸಲು ಹಿತ್ತಲಿನ ಒಲೆಗೆ ಬೆಂಕಿ ಹಾಕಿದರು. ಅವತ್ತು ಸೌದೆ ಆರಿಸಿ ಕೊಡಲು ಅಜ್ಜಿ ಎದ್ದು ಬರಲಿಲ್ಲ. ಯಾರ್ಯಾರೋ ಬಂದು ತೋಳ್ತುಂಬ ಜಾಲಿ ತಂದು ಒಟ್ಟಿದರು. ಹಂಡೆ ಕಟಕಟ ಎಂದು ಗದ್ದಲ ಮಾಡಿ, ಎಲ್ಲರನ್ನೂ ಬಹಳ ಹೊತ್ತು ಕಾಯಿಸಿ, ಕಡೆಗೆ ಹಬೆಯಾಡಿತು. ಪಕ್ಕದ ಮನೆಯ ಓಬಳಮ್ಮ ಅವ್ವನ ಹೆಗಲ ಮೇಲೆ ನೀರು ಹೊಯ್ಯುತ್ತ, "ಬಿಸಿ ಜಾಸ್ತಿ ಆತೇನೋ, ಒಂಚೂರು ತಣ್ಣೀರು ಬೆರೆಸ್ರೇ" ಎಂದಳು. ನಾನು ಬೇಡವೆಂದು ಕೂಗಿಕೊಂಡೆ. ಹುಡುಗಿಗೆ ದುಃಖಕ್ಕೆ ತಲೆ ಕೆಟ್ಟಿದೆಯೆಂದು ನನ್ನನ್ನು ಒಳಗೆ ಕರೆದೊಯ್ದರು.

ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಬೇಕು. ಲಕ್ಷ್ಮಿಯ ಕಟ್ಟಳೆಗಿಂತ ಸೂತಕದ ಕಟ್ಟಳೆ ದೊಡ್ಡದು. ಮೈಲಿಗೆ ಕಳೆಯುವ ದಿನ ಕೊಡ, ಗಡಿಗೆ, ತೊಟ್ಟಿ ಎಲ್ಲ ಬರಿದಾದ ಮೇಲೆ ಹಂಡೆಯ ಸರದಿ ಬಂತು. ಅಪ್ಪನೇ ಹಾರೆಯಿಂದ ಸುತ್ತಲಿನ ಮಣ್ಣು ಬಿಡಿಸಿದ. ಎತ್ತಲು ಅವನೊಬ್ಬನಿಂದ ಆಗಲಿಲ್ಲ, ಇನ್ನಿಬ್ಬರು ಕೈಹಾಕಿದರು. ಮಗುಚಿ ಹಾರೆಯ ಹಿಂಬದಿಯಿಂದ ಬಡಿದಾಗ ಒಳಗಿನಿಂದ ರೊಟ್ಟಿಹಂಚಿನಷ್ಟು ಅಗಲದ ಬಿಳಿ ಕಲ್ಲುಗಳು ಧೊಪ್ಪನೆ ಉದುರಿದವು. ಒಂದರ ಮೇಲೊಂದು ಪದರ, ಅಂಗೈ ದಪ್ಪ. "ಅಯ್ಯೋ ಶಿವನೇ, ಇದರಾಗೆ ಹಂಡೆಗಿಂತ ಕಲ್ಲೇ ಜಾಸ್ತಿ ಐತಲ್ಲೇ!" ಎಂದಳು ಓಬಳಮ್ಮ. ಅಪ್ಪ ಒಂದು ಚಕ್ಕೆ ಎತ್ತಿಕೊಂಡು ಬೆರಳಿನಿಂದ ತಿಕ್ಕಿದ. ಅವನ ಹೆಬ್ಬೆರಳು ಬಿಳಿಯಾಯಿತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಕಲ್ಲನ್ನೆಲ್ಲ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಹಾಕಿದರು.

ಹಂಡೆಯನ್ನು ಮತ್ತೆ ಕೂರಿಸಿದ ಮೇಲೆ ಉರಿ ನೋಡುವ ಕೆಲಸ ನನ್ನದಾಯಿತು. ಒಂದು ಹಿಡಿ ಜಾಲಿಗೇ ನೀರು ಹಬೆಯಾಡತೊಡಗಿತು. ಸ್ನಾನ ಮುಗಿಸಿ ಬಂದು ಬಿಸಿಲಿಗೆ ತಲೆ ಒಣಗಿಸಿಕೊಳ್ಳುತ್ತ ಅಜ್ಜಿ, "ನಿನ್ನ ಕೈ ಹಿಡಿತದ್ದು ಕಣೇ. ನಿಮ್ಮವ್ವಂಗೆ ಅದು ಬರಲೇ ಇಲ್ಲ" ಎಂದಳು. ಹೊಗಳಿಕೆಯೆಂದೇ ಹೇಳಿದಳು. ಅಪ್ಪ ಪಕ್ಕದಲ್ಲೇ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಹಾಕಿಕೊಂಡು ಬಸ್ಸಿಗೆ ಹೋದ.

ಈಗ ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಆ ಹಿತ್ತಲಿನಲ್ಲಿ ಯಾರದೋ ಟ್ರ್ಯಾಕ್ಟರು ನಿಲ್ಲುತ್ತದೆ. ಆದರೆ ಆ ದಿನಗಳ ಒಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ಎಲ್ಲರ ಸ್ನಾನವಾದ ಮೇಲೂ ಹಂಡೆಯಲ್ಲಿ ಬಿಸಿನೀರು ಮಿಗತೊಡಗಿತ್ತು; ಹಂಡೆಯ ಪಾಲು ಬಿಟ್ಟು, ಇನ್ನೊಬ್ಬರ ಸ್ನಾನಕ್ಕೆ ಸಾಲುವಷ್ಟು. ದಿನಾ ಬೆಳಗ್ಗೆ ಅಷ್ಟು ನೀರು ಸುಮ್ಮನೆ ಹಬೆಯಾಡುತ್ತ ನಿಂತಿರುತ್ತಿತ್ತು. ಅಜ್ಜಿ ಅದನ್ನು ತೋಡಿಸಿ ಎಮ್ಮೆಯ ಮುಸುರೆಗೆ ಹೊಯ್ಯಿಸುತ್ತಿದ್ದಳು.