ವಾಸನೆ ಬಾರದ ಬೆಡ್‌ಶೀಟು

ಆಸ್ಪತ್ರೆಯ ಲಾಂಡ್ರಿಗೆ ಅವಳು ಮೇಲ್ವಿಚಾರಕಿಯಾಗಿ ಹನ್ನೊಂದು ವರ್ಷವಾಗಿತ್ತು. ಅದಕ್ಕೂ ಮುಂಚೆ ಒಂಬತ್ತು ವರ್ಷ ಅಲ್ಲೇ ಬಟ್ಟೆ ಮಡಚಿದವಳು, ಎಲ್ಲರ ಊಟದ ಡಬ್ಬಿಗೂ ಕೈಹಾಕಿ ಉಂಡವಳು. ಹಾಗಾಗಿ ಆರು ಜನರ ಮೇಲೆ ಜೋರು ಮಾಡುವುದು ಅವಳಿಗೆ ಬರುತ್ತಿರಲಿಲ್ಲ. ಅವರೂ ಅವಳನ್ನು ಮೇಡಂ ಎನ್ನದೆ ಅಕ್ಕ ಎನ್ನುತ್ತಿದ್ದರು.

ಆಸ್ಪತ್ರೆಯ ಹಿಂದಿನ ತೊಟ್ಟಿಗಳಲ್ಲಿ ಕೊಳಚೆ ನೀರನ್ನು ಶುದ್ಧಮಾಡುವವನು ಒಂದು ಬೆಳಿಗ್ಗೆ ಲಾಂಡ್ರಿಯ ಬಾಗಿಲಿಗೆ ಬಂದು ನಿಂತ.

"ಅಕ್ಕ, ನನ್ನ ತೊಟ್ಟಿಯಲ್ಲಿ ಕೊಳೆ ತಿನ್ನೋ ಸೂಕ್ಷ್ಮಜೀವಿಗಳಿವೆ. ನಿಮ್ಮ ಬ್ಲೀಚು ಬಂದು ಅವನ್ನೆಲ್ಲ ಸಾಯಿಸ್ತಿದೆ. ಈಗಾಗಲೇ ಮೂರು ಸಲ ಹೊಸದಾಗಿ ಬೆಳೆಸಿದ್ದೀನಿ. ಅವು ಸತ್ತರೆ ನೀರು ಹಾಗೇ ನಾರ್ತಾ ಕೆರೆಗೆ ಹೋಗುತ್ತೆ."

ಅವಳು ಬ್ಲೀಚಿನ ಕ್ಯಾನಿನ ಮೇಲಿನ ಚೀಟಿ ಓದಿದಳು. ಯಂತ್ರದ ಒಂದು ಸರದಿಗೆ ಒಂದೂವರೆ ಮಗ್ ಸಾಕು ಎಂದಿತ್ತು. ಬೀಳುತ್ತಿದ್ದದ್ದು ನಾಲ್ಕು. ಸುರಿಯುವವನು ಎಲ್ಲರಿಗಿಂತ ಹಿರಿಯ, ಎಲ್ಲರೂ ದೊಡ್ಡಣ್ಣ ಎನ್ನುವವನು. ಉಳಿದವರು ಅವನನ್ನು ನೋಡಿ ಸುರಿಯುವವರು, ಅವನಿಗೆ ಮೂಗೇ ಅಳತೆ. ಮೂಗು ಉರಿದರೆ ಬಟ್ಟೆ ಶುದ್ಧವಾಯಿತು ಎಂದು ಲೆಕ್ಕ. ಆ ವಾಸನೆ ತಗ್ಗಿಸಲು ಎರಡು ಸಲ ಹೆಚ್ಚಿಗೆ ಜಾಲಿಸಬೇಕು. ಆ ನೀರೂ ದಂಡ.

ಅವಳು ಗೋಡೆಗೆ ಸೂಚನೆ ಅಂಟಿಸಿದಳು. ಮಗ್ಗಿಗೆ ಕೆಂಪು ಗೆರೆ ಎಳೆದಳು. ಎಲ್ಲರನ್ನೂ ಕೂರಿಸಿಕೊಂಡು ಕೆರೆಯ ವಿಷಯ ಹೇಳಿದಳು. ಎಲ್ಲರೂ ತಲೆಯಾಡಿಸಿದರು, ಮತ್ತೆ ಮೊದಲಿನಂತೆಯೇ ಸುರಿದರು. ಮಡಚುವ ಮೇಜಿನ ಹತ್ತಿರ ಯಾರೋ, "ಅಳತೆ ಅಕ್ಕ ಬಂದ್ರು, ಉಸಿರನ್ನೂ ಅಳೆದು ಬಿಡ್ರಪ್ಪ" ಎಂದರು. ಅವಳೂ ನಕ್ಕಳು, ಆದರೆ ಒಳಗೆ ಚುರುಕ್ಕೆಂದಿತು. ಮರುದಿನ ಕ್ಯಾನುಗಳಿಗೆ ಬೀಗ ಹಾಕಿ, ತಾನೇ ಅಳೆದು ಹಾಕತೊಡಗಿದಳು. ದೊಡ್ಡಣ್ಣ ಮಾತು ಬಿಟ್ಟ.

ಎರಡು ವಾರವಾಗಿತ್ತು. ಶಸ್ತ್ರಚಿಕಿತ್ಸೆ ವಾರ್ಡಿನ ಹಿರಿಯ ನರ್ಸು ಫೋನ್ ಮಾಡಿದರು. "ನಮ್ಮಲ್ಲಿ ಇಬ್ಬರಿಗೆ ಹೊಲಿಗೆ ಹಾಕಿದಲ್ಲಿ ಕೀವಾಗಿದೆ. ನಿಮ್ಮ ಶೀಟಿಗೆ ಈಗ ವಾಸನೆನೇ ಇಲ್ಲ. ಸರಿಯಾಗಿ ಒಗೀತಿದ್ದೀರಾ?"

ಅವಳು ಫೋನಿಟ್ಟು ತಿರುಗಿದರೆ ದೊಡ್ಡಣ್ಣ ಮಾತು ಕೇಳಿಸಿಕೊಂಡು ನಿಂತಿದ್ದ. ಬೈಯುತ್ತಾನೆ ಎಂದುಕೊಂಡಳು. ಅವನು ತಗ್ಗಿದ ದನಿಯಲ್ಲಿ ಹೇಳಿದ:

"ಹದಿನಾರು ವರ್ಷದ ಹಿಂದೆ ನನ್ನ ಹೆಂಡತಿಗೆ ಇಲ್ಲೇ ಆಪರೇಷನ್ ಆಗಿದ್ದು ನಿಮಗೂ ಗೊತ್ತು. ಗಾಯ ಕೀವಾಗಿ ನಲವತ್ತು ದಿನ ಮಲಗಿದ್ಲು. ಆ ವಾರ್ಡಿನ ಶೀಟು ಒಗೆದವನು ನಾನೇ ಅಕ್ಕ. ಅದರಿಂದ್ಲೇ ಆಯ್ತೋ ಏನೋ, ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಇಷ್ಟು ದಿನ ಅವನದು ಬರೀ ಮೊಂಡುತನ ಎಂದುಕೊಂಡಿದ್ದಳು ಅವಳು. ಬೀಗದ ಕೈ ಅವನ ಕೈಗಿಟ್ಟಳು. "ಒಂದು ಸರದಿ ನಿಮ್ಮ ಅಳತೆಯಲ್ಲಿ ಒಗೀರಿ ದೊಡ್ಡಣ್ಣ, ಒಂದು ನನ್ನ ಅಳತೆಯಲ್ಲಿ. ಎರಡನ್ನೂ ಲ್ಯಾಬಿಗೆ ಕಳಿಸೋಣ. ನನ್ನದು ತಪ್ಪಾದ್ರೆ ನಾನೇ ವಾರ್ಡಿಗೆ ಹೋಗಿ ಒಪ್ಕೋತೀನಿ."

ವರದಿಗೆ ನಾಲ್ಕು ದಿನ ಬೇಕಿತ್ತು. ಆ ನಾಲ್ಕು ದಿನ ಅವಳಿಗೆ ಅನ್ನ ರುಚಿಸಲಿಲ್ಲ. ಒಂದು ಸಂಜೆ ಮನೆಯಲ್ಲಿ ಅತ್ತೆ ತುತ್ತು ಬಾಯಿಗಿಟ್ಟು ಅವಳ ಮುಖ ನೋಡಿದರು. "ಏನಮ್ಮ, ಉಪ್ಪಿನ ಅಳತೆನೂ ಕಡಿಮೆ ಮಾಡಿದ್ಯಾ?"

ಐದನೇ ದಿನ ಹಿರಿಯ ನರ್ಸು ತಾವೇ ಮೆಟ್ಟಿಲಿಳಿದು ಲಾಂಡ್ರಿಗೆ ಬಂದರು. ಲ್ಯಾಬಿನವನೂ ಕಾಗದ ಹಿಡಿದು ಜೊತೆಗಿದ್ದ. "ಎರಡೂ ಅಳತೆಯ ಶೀಟು ಒಂದೇ ಥರ ಚೊಕ್ಕಟವಾಗಿವೆ. ಕೀವಿಗೆ ಕಾರಣ ನಮ್ಮದೇ ಡ್ರೆಸ್ಸಿಂಗ್ ಟ್ರಾಲಿಯ ಸೋಂಕು ತಗುಲಿದ ಒಂದು ಔಷಧಿ ಬಾಟ್ಲಿ. ಸುಮ್ಮನೆ ನಿಮ್ಮನ್ನ ಅನುಮಾನಿಸಿದೆ" ಎಂದರು ನರ್ಸು. ಅವಳು ಒಗೆದ ಟವೆಲ್ಲಿನ ಗಂಟಿನ ಮೇಲೇ ಕೂತು, ನಾಲ್ಕು ದಿನ ಹಿಡಿದಿಟ್ಟಿದ್ದ ಉಸಿರನ್ನೆಲ್ಲ ಹೊರಬಿಟ್ಟಳು.

ದೊಡ್ಡಣ್ಣ ಲ್ಯಾಬಿನವನನ್ನು ಪಕ್ಕಕ್ಕೆ ಕರೆದು ಹಳೆಯ ವಿಷಯ ಕೇಳಿದ. "ಆಗಿಂದು ನಾನು ಹೇಳಲಾರೆ" ಎಂದನು ಅವನು. "ಆದ್ರೆ ನಿಮ್ಮ ಯಂತ್ರದ ಬಿಸಿನೀರೇ ಮುಕ್ಕಾಲು ಕೆಲಸ ಮುಗಿಸಿರುತ್ತೆ. ಕೀವು ಬಟ್ಟೆಯಿಂದ ಬಂದಿರೋದು ಅನುಮಾನ." ದೊಡ್ಡಣ್ಣ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸುತ್ತಲೇ ಇದ್ದ.

ಮಾರನೆಯ ದಿನ ಅವನು ಮಗ್ಗನ್ನು ಕಣ್ಣಿನ ಮಟ್ಟಕ್ಕೆತ್ತಿ, ಗೆರೆ ನೋಡಿ ಸುರಿದ. ಉಳಿದವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಜಾಲಿಸುವುದು ಕಡಿಮೆಯಾಗಿ ಎಲ್ಲರೂ ಅರ್ಧ ಗಂಟೆ ಮುಂಚೆ ಮನೆಗೆ ಹೊರಟರು. ತಿಂಗಳಿಗೊಮ್ಮೆ ಶೀಟು ಲ್ಯಾಬಿಗೆ ಹೋಗಲೇಬೇಕು ಎಂದು ದೊಡ್ಡಣ್ಣ ಪಟ್ಟು ಹಿಡಿದ. ಅವಳು ಸಂತೋಷವಾಗಿ ಒಪ್ಪಿದಳು.

ಆ ವಾರದ ಕೊನೆಯಲ್ಲಿ ಅವಳಿಗೊಂದು ಫೋನ್ ಬಂತು. ದೊಡ್ಡಣ್ಣನ ಹೆಂಡತಿ.

"ಇವರು ನಿನ್ನೆ ಎಲ್ಲಾ ಹೇಳಿದ್ರಮ್ಮ. ಇಷ್ಟು ವರ್ಷ ಹೀಗೊಂದು ಭಾರ ಮನಸ್ಸಲ್ಲಿಟ್ಕೊಂಡಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಎಬ್ಬಿಸಿದ್ರೂ ಏಳಲಿಲ್ಲ ನೋಡು, ಅಂಥ ನಿದ್ದೆ, ಇನ್ನೂ ಗೊರಕೆ. ಇವತ್ತು ಸ್ವಲ್ಪ ತಡವಾದ್ರೆ ಬೈಬೇಡ."

"ಮಲಗಲಿ ಬಿಡಿ ಅತ್ತಿಗೆ" ಎಂದು ಅವಳು ಅವನ ಯಂತ್ರಕ್ಕೆ ತಾನೇ ಬಟ್ಟೆ ತುಂಬಲು ಹೊರಟಳು.