ತಿಪ್ಪೇಸ್ವಾಮಿ ಕಟ್ಟಿದ ಬಾರು

ನಾನು ಬಾರಿಗೆ ಹೋದದ್ದು ನಿಜ. ದೆಹಲಿಯ ಮಯೂರ್ ವಿಹಾರದ ನಮ್ಮ ಸೊಸೈಟಿಯ ಹೆಂಗಸರು ಲಿಫ್ಟಿನಲ್ಲಿ ಪಿಸುಗುಟ್ಟುವ ಬದಲು ನನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆ. ಸೋಮವಾರ ಒಪ್ಪತ್ತು ಮಾಡುವ ಈ ಶಾರದಾ, ಮೊಣಕಾಲು ನೋವಿಟ್ಟುಕೊಂಡು, ಫರೀದಾಬಾದಿನ ಬಾರಿಗೆ ಎರಡು ಸಲ ಹೋಗಿದ್ದಾಳೆ. ಎರಡು ಸಲವೂ ಕಾರಣ ನನ್ನ ತಮ್ಮ ತಿಪ್ಪೇಸ್ವಾಮಿ.

ತಿಪ್ಪೇಸ್ವಾಮಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಲ್ಲಿ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದರೆ ಅವನೇ ಸ್ವಲ್ಪ ಯೋಚಿಸುತ್ತಾನೆ. ಅವನ ಜೀವವೆಲ್ಲ ಥರ್ಮೋಕೋಲಿನಲ್ಲಿತ್ತು. ದೆಹಲಿಯ ನಮ್ಮವರ ಮದುವೆ, ಮುಂಜಿ, ಗಣೇಶನ ಹಬ್ಬ, ಎಲ್ಲದಕ್ಕೂ ಮಂಟಪ ಅವನದೇ. ಅವನು ಕೊರೆದು ಬಣ್ಣ ಬಳಿದನೆಂದರೆ ನಮ್ಮೂರು ಚಿತ್ರದುರ್ಗದ ಬಂಡೆಯೇ ರೈಲು ಹತ್ತಿ ಬಂದು ಕೂತಂತಿರುತ್ತದೆ. ಇಲ್ಲಿನ ನಮ್ಮ ಕನ್ನಡ ಸಂಘದ ಕಾರ್ಯಕ್ರಮದ ಕೊನೆಗೆ ವಂದನಾರ್ಪಣೆ. ಮೈಕಿನವನಿಗೆ ವಂದನೆ, ಅಡುಗೆಯವರಿಗೆ ವಂದನೆ, ಕುರ್ಚಿ ತಂದ ಟೆಂಪೋದವನಿಗೂ ವಂದನೆ. ಇವನು ಮಾತ್ರ "ಮತ್ತು ಇತರ ಎಲ್ಲರಿಗೂ" ಎನ್ನುವುದರೊಳಗೆ. ಪ್ರತಿ ವರ್ಷ ಆ ಹೊತ್ತಿಗೆ ಕಾಲರು ಸರಿಮಾಡಿಕೊಂಡು ಕೂರುತ್ತಿದ್ದ, ಪಾಪ. ನನ್ನ ಹೊಟ್ಟೆ ಉರಿಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ, ಇನ್ನೇನು!

ಹೋದ ವರ್ಷದ ಗಣೇಶನ ಹಬ್ಬಕ್ಕೆ ನನ್ನ ಮಗಳು ನಿಹಾರಿಕಾ ತನ್ನ ಬಾಸು ದಿಲೀಪನನ್ನು ಊಟಕ್ಕೆ ಕರೆದುಕೊಂಡು ಬಂದಳು. ದಿಲೀಪನದು ಫರೀದಾಬಾದಿನಲ್ಲಿ ನಟ್ಟು ಬೋಲ್ಟಿನ ಕಾರ್ಖಾನೆ. ಅವನಿಗೆ ಕಾಕ್‌ಟೇಲ್ ಬಾರ್ ತೆರೆಯುವ ಹುಚ್ಚು ಹಿಡಿದಿತ್ತು. ನಮ್ಮ ಮನೆಯಲ್ಲಿ ತಮ್ಮ ಕಟ್ಟಿದ್ದ ಮಂಟಪದ ಮುಂದೆ ಬಾಯಿ ತೆರೆದು ನಿಂತ. "ಅಂಕಲ್‌ಜೀ, ನನ್ನ ಬಾರಿಗೆ ಇದೇ ಮಾಹೌಲ್, ಇದೇ ವಾತಾವರಣ ಬೇಕು. ಹಳೇ ಕೋಟೆ, ಕಲ್ಲು, ದೀಪ, ಕತ್ತಲೆ. ಬಾಗಿಲಲ್ಲಿ ಹಿತ್ತಾಳೆ ಫಲಕ ಹಾಕಿಸ್ತೀನಿ, ಅದರ ಮೇಲೆ ನಿಮ್ಮ ಹೆಸರು!"

ಫಲಕ ಎಂದದ್ದೇ ತಡ, ತಮ್ಮ ನೆಲದ ಮೇಲೆ ನಿಲ್ಲಲಿಲ್ಲ. ಮೂರು ತಿಂಗಳು ಫರೀದಾಬಾದಿನಲ್ಲೇ ಬಿದ್ದುಕೊಂಡ. ಒಂದು ಹನಿ ಮುಟ್ಟದವನು ಬಾರು ಕಟ್ಟುತ್ತಿದ್ದಾನಲ್ಲ ಎಂದು ನಾನು ಬೈದರೆ, "ಅಕ್ಕಾ, ಮದುವೆ ಮಂಟಪ ಕಟ್ಟೋನು ಪ್ರತಿ ಸಲ ತಾಳಿ ಕಟ್ತಾನೇನೇ?" ಅಂದ.

ಬಾಗಿಲು ತೆರೆಯುವುದಕ್ಕೆ ಒಂದು ವಾರ ಮುಂಚೆ ದಿಲೀಪ ತನ್ನ ಸ್ನೇಹಿತರನ್ನು ಕರೆದು ಪರೀಕ್ಷೆ ಮಾಡಿದ. ಅಲ್ಲಿ ನಡೆದದ್ದನ್ನು ನಿಹಾರಿಕಾ ನಗಲಾರದೆ, ಅಳಲಾರದೆ ಹೇಳಿದಳು. ಕಾರಿನಿಂದ ಕಿರುಚಾಡುತ್ತ ಇಳಿದ ಗಂಡಸರು ಬಾಗಿಲಿಗೆ ಬಂದದ್ದೇ ಗಪ್‌ಚುಪ್. ಒಬ್ಬೊಬ್ಬರಾಗಿ ಬೂಟು ಬಿಚ್ಚಿದರು. ಗಂಟೆ ಇರಲಿಲ್ಲ, ಆದರೂ ಒಬ್ಬನ ಕೈ ಮೇಲೆ ಹೋಗಿ ಹುಡುಕಾಡಿತು. ಬಾರಿನವನು ಗ್ಲಾಸು ನೀಡಿದರೆ ಇನ್ನೊಬ್ಬ ಎಡಗೈ ಮೇಲೆ ಬಲಗೈ ಇಟ್ಟು ಬೊಗಸೆ ಒಡ್ಡಿದ. ಮತ್ತೊಬ್ಬ ಕೌಂಟರಿಗೆ ಒಂದು ಸುತ್ತು ಬಂದ. ಕೊನೆಗೆ ಎಲ್ಲರೂ ಲಿಂಬು ಸೋಡಾ ಕುಡಿದು, ಮೆಲ್ಲಗೆ ಮಾತಾಡಿ, ಮನೆಗೆ ಹೋದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ನನ್ನ ತಮ್ಮ.

ದಿಲೀಪ ತಲೆ ಚಚ್ಚಿಕೊಂಡನಂತೆ. "ಅಂಕಲ್‌ಜೀ, ಶನಿವಾರದೊಳಗೆ ಸರಿ ಮಾಡಿ. ಇಲ್ಲದಿದ್ರೆ ಎಲ್ಲ ಕೀಳಿಸಿ ಗೋವಾ ಬೀಚ್ ಮಾಡಿಸ್ತೀನಿ. ಬೇರೆ ಡಿಸೈನರ್ ಜೊತೆ ಮಾತಾಡಿದ್ದೀನಿ." ಫಲಕ ಆಗಲೇ ಕೆತ್ತಿ ಬಂದಿತ್ತು.

ತಮ್ಮ ಅನ್ನ ಬಿಟ್ಟ. ಆಗಲೇ ನಾನು ಮೊದಲ ಸಲ ಹೋದದ್ದು.

ಬಾಗಿಲಲ್ಲಿ ನಿಂತು ನೋಡಿದೆ. ಸಾಲುಗಂಬ, ಮಬ್ಬು ಬೆಳಕು, ನೇರ ಎದುರಿಗೆ ಕೌಂಟರು, ಅದರ ಮೇಲೊಂದು ಕಮಾನು, ಕಮಾನಿನ ಕೆಳಗೆ ದೀಪದ ಬೆಳಕಿನಲ್ಲಿ ಮಿನುಗುವ ಬಾಟಲಿಗಳು. ಅಯ್ಯೋ ಶಿವನೇ, ನನ್ನ ಕೈಗಳೂ ತಾವಾಗೇ ಕೂಡಿಕೊಂಡವು! ಕೆಳಗೆ ನೋಡಿದರೆ ಚಪ್ಪಲಿ ಆಗಲೇ ಬಿಟ್ಟಿದ್ದೆ. ಎಲ್ಲಿಲ್ಲದ ಸಿಟ್ಟು ಬಂತು.

"ಲೋ ತಿಪ್ಪ, ಗರ್ಭಗುಡಿ ಕಟ್ಟಿ ಕುಡೀರಿ ಅಂದ್ರೆ ಯಾರು ಕುಡೀತಾರೋ?"

"ಕಂಬ ಕಿತ್ತುಬಿಡ್ಲಾ ಅಕ್ಕಾ?" ಎಂದ.

"ಕಂಬ ಏನು ಮಾಡ್ತೋ ಪಾಪ? ಎಲ್ಲರ ಮುಖಾನೂ ಒಂದೇ ಕಡೆ ತಿರುಗಿಸಿದ್ದೀಯಲ್ಲ, ಅದು ತಪ್ಪು. ಮದುವೆ ಮನೇಲಿ ಮಂಟಪ ಇರಲ್ವಾ? ಯಾರು ನೋಡ್ತಾರೆ ಅದನ್ನ? ಪುರೋಹಿತರು ಮಂತ್ರ ಹೇಳ್ತಾ ಇರ್ತಾರೆ, ಜನ ಎದುರುಬದುರು ಕೂತು ಇನ್ನೊಬ್ಬರ ಸೀರೆ ನೋಡ್ತಾರೆ, ಸಾರಿಗೆ ಉಪ್ಪಿಲ್ಲ ಅಂತಾರೆ. ಯಾರಾದ್ರೂ ಮೆಲ್ಲಗೆ ಮಾತಾಡ್ತಾರಾ?"

ತಮ್ಮ ಕೌಂಟರಿನ ಮೇಲೆ ಕೈಯಾಡಿಸಿದ. ಅದನ್ನು ನಡುವಿನಿಂದ ಎಬ್ಬಿಸುವುದೆಂದರೆ ಅವನಿಗೆ ಕರುಳು ಕಿತ್ತು ಬಂದಂತೆ. ಆಮೇಲೆ ಬಡಗಿಯನ್ನು ಕೂಗಿದ, "ಭಯ್ಯಾ, ಚಲೋ, ಎತ್ತಿ."

ಕೌಂಟರು ಪಕ್ಕದ ಗೋಡೆಗೆ ಹೋಯಿತು. ಕಮಾನಿನ ದೀಪಗಳು ಇಳಿದು ಒಂದೊಂದು ಮೇಜಿನ ಮೇಲೆ ಬಂದವು. ಸೋಫಾಗಳನ್ನು ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಕೂರುವ ಹಾಗೆ ಎದುರುಬದುರು ಹಾಕಿಸಿದೆವು. ಕಂಬ, ಕಲ್ಲು, ಕತ್ತಲೆ ಒಂದನ್ನೂ ಮುಟ್ಟಲಿಲ್ಲ.

ಶನಿವಾರ ನಾನು ಎರಡನೆಯ ಸಲ ಹೋದೆ. ಡಿಸೆಂಬರಿನ ಚಳಿ, ಶಾಲು ಹೊದ್ದು, ಕಾಲುಚೀಲ, ಬೂಟು ಹಾಕಿಕೊಂಡು ಮೂಲೆಯ ಸೋಫಾದಲ್ಲಿ ಲಿಂಬು ಸೋಡಾ ಹಿಡಿದು ಕೂತೆ. ಮೊದಲ ಗುಂಪು ಬಂತು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಅಷ್ಟರಲ್ಲಿ ಒಬ್ಬ, "ಅರೇ, ಕ್ಯಾ ಜಗಹ್ ಹೈ ಯಾರ್, ಎಂಥಾ ಜಾಗ!" ಎಂದು ಕೂಗಿ ಬೂಟುಗಾಲಲ್ಲೇ ಟಕಟಕ ಒಳಗೆ ನುಗ್ಗಿದ. ಅರ್ಧ ಗಂಟೆಯಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳದಷ್ಟು ಗಲಾಟೆ. ಎದುರು ಸೋಫಾದ ಹೆಂಗಸು ನನ್ನ ಸೀರೆಯ ಅಂಚು ನೋಡಿ ಎಲ್ಲಿ ಕೊಂಡಿರಿ ಎಂದಳು. ಗೆದ್ದೆವು ಎಂದುಕೊಂಡೆ.

ದಿಲೀಪ ತನ್ನ ಕೈಯಿಂದಲೇ ಫಲಕ ಹಾಕಿದ. ಅವನ ಕಾರ್ಖಾನೆಯ ಬೋಲ್ಟೇ ಅದಕ್ಕೂ. ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಕಾಲರು ಸರಿಮಾಡಿಕೊಂಡ.

ಹತ್ತಿರ ಹೋದಾಗಲೇ ನೋಡಿದ್ದು, ಅವನು ಬರಿಗಾಲಲ್ಲಿ ನಿಂತಿದ್ದ. ಬಾಗಿಲಾಚೆ ಮೆಟ್ಟಿಲ ಪಕ್ಕದಲ್ಲಿ ಅವನ ಹಳೇ ಬಾಟಾ ಚಪ್ಪಲಿ, ಒಂದೇ ಒಂದು ಜೊತೆ.

"ಏನೋ ಇದು? ಗುಡಿ ಅಲ್ಲ ಅಂತ ಮಾಡೋಕೆ ಇಷ್ಟು ಒದ್ದಾಡಿದ್ವಿ! ಹಾಕ್ಕೊಳ್ಳೋ, ಶೀತ ಆಗುತ್ತೆ."

"ಅವರಿಗೆ ಗುಡಿ ಅಲ್ಲ ಅಕ್ಕಾ," ಅಂದ.

ಈ ವಯಸ್ಸಿನಲ್ಲಿ ಇವನಿಗೆ ಬುದ್ಧಿ ಹೇಳುವವರು ಯಾರು? ಬಾಗಿಲಾಚೆ ಹೋಗಿ, ಗೋಡೆ ಹಿಡಿದು, ಹಾಳು ಮೊಣಕಾಲನ್ನು ಶಪಿಸುತ್ತ ಬೂಟು ಬಿಚ್ಚಿ ಅವನ ಚಪ್ಪಲಿಯ ಪಕ್ಕದಲ್ಲಿಟ್ಟೆ. ಆಮೇಲೆ ಒಳಗೆ ಹೋದೆ.