ಮಡ್ಡಿಯಲ್ಲೋ, ತಿಳಿಯಲ್ಲೋ

ಅಣ್ಣನ ಬೆರಳ ತುದಿಗಳು ಸದಾ ಬಿಳಿಚಿಕೊಂಡು, ನೆನೆದ ಕಡಲೆಯ ಸಿಪ್ಪೆಯ ಹಾಗೆ ಸುಕ್ಕಾಗಿರುತ್ತಿದ್ದವು. ಮಂಜುಗಡ್ಡೆಯ ನಡುವೆ ಪುಟ್ಟ ಒರಳಿಟ್ಟು ಭತ್ತದ ಮೊಳಕೆ ಅರೆಯುವುದು ಅವನ ಕೆಲಸ. ಆ ರಾಮನವಮಿಯ ಬೆಳಿಗ್ಗೆ, ಹಿಂದಿನ ಸಂಜೆ ತಂದು ಹೊಟ್ಟಿನಲ್ಲಿ ಹೂತಿಟ್ಟ ಗಡ್ಡೆ ಕರಗದೆ ಎಷ್ಟು ಉಳಿದಿದೆಯೆಂದು ನೋಡಿ ಬಂದವನು, ಅದೇ ಬೆರಳುಗಳಿಂದ ನನ್ನ ಕತ್ತು ಮುಟ್ಟಿದ. ನಾನು ಬೆಚ್ಚಿದ್ದಕ್ಕೆ ನಕ್ಕ. ನಮ್ಮ ಮನೆಯ ಕೊನೆಯ ಸಾಧಾರಣ ದಿನ ಅದು.

ನಾವು ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆಯ ಒಕ್ಕಲು ಮನೆಯವರು. ಎಪ್ಪತ್ತರ ದಶಕದಲ್ಲಿ ಅಣ್ಣನಿಗೆ ಮಂಡ್ಯದ ಕಾಲೇಜೊಂದರಲ್ಲಿ ಮೇಷ್ಟ್ರ ಕೆಲಸವಾದಾಗ ಅವ್ವ ಮತ್ತು ತಂಗಿಯಾದ ನಾನು ಅವನ ಬಾಡಿಗೆ ಮನೆಗೆ ಬಂದೆವು. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತ್ತು. ಪಾಠ ಮುಗಿದ ಮೇಲೆ ಅಣ್ಣ ಪ್ರಯೋಗಾಲಯದಲ್ಲಿ ತನ್ನದೇ ಹುಡುಕಾಟ ನಡೆಸುತ್ತಿದ್ದ. ಹೊರಗಿನಿಂದ ಬಂದ ಸುದ್ದಿಗೆ ಜೀವಕೋಶ ಎಷ್ಟು ಓಗೊಡಬೇಕೆಂಬುದನ್ನು ಹಿಡಿತದಲ್ಲಿಡುವ ಪ್ರೋಟೀನೊಂದಿತ್ತು. ಅದು ಕೋಶದೊಳಗೆ ಎಲ್ಲಿರುತ್ತದೆ ಎಂಬುದೇ ಅವನ ಪ್ರಶ್ನೆ.

“ಕಣ್ಗೇ ಕಾಣ್ದಿರಾದು ಎಲ್ಲಿದ್ರೇನ್ಲಾ?” ಎಂದು ಅವ್ವ ಒಮ್ಮೆ ಕೇಳಿದಳು.

“ನೀರ್ಗಂಟಿ ಇದ್ದಂಗೆ ಕಣವ್ವ. ತೂಬಿನ ತಾವಿದ್ರೆ ನೀರು ಬುಡ್ತಾನೆ, ನಿಲ್ಲುಸ್ತಾನೆ. ಊರೊಳಗೆ ಮನಗಿದ್ರೆ ಗದ್ದೆ ಗತಿ ಏನು? ಎಲ್ಲವ್ನೆ ಅಂತ ಗೊತ್ತಾದ್ರೆ ಏನ್ ಮಾಡ್ತಾವ್ನೆ ಅಂತ ಗೊತ್ತಾಯ್ತದೆ.”

“ನೀರ್ಗಂಟಿ ಎಲ್ಲವ್ನೆ ಅಂತ ಉಡ್ಕಕ್ಕೂ ಸಂಬಳ ಕೊಟ್ಟಾರಾ? ಒಳ್ಳೆ ಕೆಲ್ಸ ಇಡ್ದೆ ಬುಡು.”

ಅರೆದದ್ದನ್ನು ಗಿರ್ರನೆ ತಿರುಗುವ ಯಂತ್ರಕ್ಕೆ ಹಾಕಿದರೆ ಕೋಶದ ಪೊರೆಯ ಚೂರುಗಳು ತಳದಲ್ಲಿ ಮಡ್ಡಿಯಾಗಿ ಕೂರುತ್ತವೆ, ಕೋಶದೊಳಗಿನ ರಸ ಮೇಲೆ ತಿಳಿಯಾಗಿ ನಿಲ್ಲುತ್ತದೆ. ಅವನ ಪ್ರೋಟೀನು ಪ್ರತಿ ಸಲವೂ ಮಡ್ಡಿಯಲ್ಲೇ ಸಿಗುತ್ತಿತ್ತು. ಅಂದರೆ ಅದರ ಜಾಗ ಪೊರೆ. ಹಾಗೆಂದು ಬರೆದು ಪ್ರಕಟಣೆಗೆ ಕಳಿಸುವ ಮುನ್ನ ಇನ್ನೊಂದು ಸಲ ಮಾಡಿ ನೋಡುವುದಷ್ಟೇ ಬಾಕಿಯಿತ್ತು. ಪ್ರೋಟೀನು ಕೆಡದಂತೆ ಕೊನೆಯವರೆಗೂ ಎಲ್ಲವೂ ತಣ್ಣಗಿರಬೇಕು. ಹಬ್ಬದ ದಿನ ಐಸು ಸಿಗದೆಂದು ಅದನ್ನು ಮೊದಲೇ ತಂದು ಮನೆಯಲ್ಲಿಟ್ಟಿದ್ದ.

ಅವನು ಸ್ನಾನಕ್ಕೆ ಹೋದಾಗ ಅವ್ವ ಗಡ್ಡೆಯ ಮುಕ್ಕಾಲು ಭಾಗವನ್ನು ತೊಳೆದು, ಒಡೆದು, ಪಾನಕದ ಕೊಳಗಕ್ಕೆ ಹಾಕಿದಳು. ರಾಮನವಮಿಗೆ ಮಗ ಬೇರೆ ಯಾತಕ್ಕೆ ಮಂಜುಗಡ್ಡೆ ತಂದಾನು ಎಂಬುದು ಅವಳ ಎಣಿಕೆ. ಬೀದಿಯವರೆಲ್ಲ ಕುಡಿಯುತ್ತಿದ್ದಾಗ ಅಣ್ಣ ತಲೆ ಒರೆಸಿಕೊಳ್ಳುತ್ತ ಬಂದ.

“ಅವ್ವ, ಅದು ನನ್ ಒರಳ್ಗೆ ಕಣವ್ವ.”

“ರಾಮದೇವ್ರಿಗಿಂತ ನಿನ್ ಒರಳು ಎಚ್ಚೇನ್ಲಾ? ಕುಡಿ, ತಣ್ಗದೆ.”

ಅವನೂ ಒಂದು ಲೋಟ ಕುಡಿದ. ಬೈಯುವುದು ಅವನಿಗೆ ಬರುತ್ತಲೇ ಇರಲಿಲ್ಲ. ಮೊಳಕೆ ಹದಕ್ಕೆ ಬಂದಿದ್ದರಿಂದ ಕಾಯುವಂತಿರಲಿಲ್ಲ. ಉಳಿದ ಚೂರನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋದ.

ಸಂಜೆ ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ.

“ಐಸು ಅರ್ಧಕ್ಕೇ ಕರಗೋಯ್ತು. ಇವತ್ತು ತಿಳೀಲಿ ಸಿಕ್ತು ಕಣಮ್ಮಿ.”

“ಸೆಕೆಗೆ ಕೆಟ್ಟೋಗಿರ್ಬೇಕು ಬುಡಣ್ಣ.”

“ಕೆಟ್ಟಿಲ್ಲ. ಅದೇ ಪ್ರೋಟೀನು, ಜಾಗ ಬ್ಯಾರೆ. ಪೊರೇಲಿದ್ದದ್ದು ಸೆಕೆಗೆ ಕಳಚ್ಕೊಂತೋ, ಇಲ್ಲಾ ತಿಳೀಲೇ ಇದ್ದದ್ದನ್ನ ಇಷ್ಟು ದಿನ ನಾನೇ ತಣ್ಗೆ ಮಾಡಿ ಪೊರೆಗೆ ಅಂಟುಸ್ತಿದ್ನೋ. ಮನೆ ಕೆಡವ್ಬುಟ್ಟು, ಒಳಗಿದ್ದೋರು ಯಾವ್ ಕೋಣೇಲಿದ್ರು ಅಂತ ಕೇಳ್ದಂಗಾಯ್ತು.”

ಅವ್ವ ತಲೆಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಒಂದೇ ದಿನದ ಮೊಳಕೆಯನ್ನು ಎರಡು ಪಾಲು ಮಾಡಿ, ಒಂದನ್ನು ಐಸಿನಲ್ಲೂ ಇನ್ನೊಂದನ್ನು ಸೆಕೆಯಲ್ಲೂ ಅರೆದು ನೋಡಿದರೆ ಗೊತ್ತಾದೀತು ಎಂದ. ರಾತ್ರಿಯೆಲ್ಲ ಕರೆಂಟಿಲ್ಲದೆ ಮರುದಿನ ಮಂಡ್ಯದಲ್ಲಿ ಐಸಿರಲಿಲ್ಲ. ಸ್ನೇಹಿತರೊಬ್ಬರ ಸ್ಕೂಟರು ಕೇಳಿ ಪಡೆದು ಮದ್ದೂರಿಗೆ ಹೊರಟ.

“ನಾಳೆ ವೋದ್ರೆ ಆಗಕಿಲ್ವೇನ್ಲಾ?” ಎಂದಳು ಅವ್ವ.

“ಇವತ್ ಹದಕ್ ಬಂದಿರೋ ಮೊಳ್ಕೆ ನಾಳೆಗೆ ಬಲ್ತೋಯ್ತದೆ ಕಣವ್ವ. ಬತ್ತೀನಿ.”

ಮದ್ದೂರಿನಿಂದ ಹಿಂತಿರುಗುವಾಗ ಗೆಜ್ಜಲಗೆರೆಯ ಹತ್ತಿರ ಲಾರಿಯೊಂದು ಅವನಿಗೆ ಗುದ್ದಿತು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪೊಲೀಸಿನವರು ಕೊಟ್ಟ ಸಾಮಾನಿನಲ್ಲಿ ಒಂದು ಗೋಣಿಚೀಲವಿತ್ತು. ಇನ್ನೂ ಒದ್ದೆಯಾಗಿತ್ತು. ಒಳಗೆ ಹೊಟ್ಟು ಮಾತ್ರ ಇತ್ತು.

ಆಮೇಲೆ ನಮ್ಮ ಮನೆಯಲ್ಲಿ ಪಾನಕ ಮಾಡಲಿಲ್ಲ. ಅದನ್ನು ಬಿಟ್ಟರೆ ಅವ್ವ ಆ ಬೆಳಗಿನ ಮಾತೆತ್ತಿದವಳಲ್ಲ. ನಾನೂ ಎತ್ತಲಿಲ್ಲ. ಅವಳಿಗೆ ಸಮಾಧಾನ ಹೇಳಲು ನನಗೆ ಗೊತ್ತಾಗಲಿಲ್ಲ. ಅಣ್ಣನಿಗೆ ಗೊತ್ತಾಗುತ್ತಿತ್ತು. ಎಂಥ ಕಷ್ಟದ ವಿಷಯವನ್ನೂ ಅವನು ನಮ್ಮಿಬ್ಬರ ಮಟ್ಟಕ್ಕೆ ಇಳಿಸದೆ, ನಮ್ಮ ಮಾತಿನಲ್ಲೇ ಹೇಳುತ್ತಿದ್ದ. ನಾನು ಯಾವುದನ್ನಾದರೂ ಯೋಚಿಸುವುದು ಕಲಿತಿದ್ದರೆ ಅದು ಅವನಿಂದ.

ತಿಥಿ ಕಳೆದ ಮೇಲೆ ಆ ಸ್ಕೂಟರಿನ ಸ್ನೇಹಿತರು ಮನೆಗೆ ಬಂದರು. ಅವರೂ ಅದೇ ಕಾಲೇಜಿನ ಮೇಷ್ಟ್ರು. ಅವ್ವ ಕಾಫಿ ಕೊಟ್ಟು ಎದುರಿಗೆ ಕೂತಳು.

“ನನ್ ಮಗ ಉಡುಕ್ತಿದ್ನಲ್ಲಪ್ಪ, ಅದೆಲ್ಲಿತ್ತಂತೆ?”

ಅವರು ಲೋಟ ಕೆಳಗಿಟ್ಟರು. “ಗೊತ್ತಾಗಲಿಲ್ಲ ಕಣಮ್ಮ. ಆ ಕೆಲಸ ಅವನೊಬ್ಬನಿಗೇ ಬರುತ್ತಿದ್ದದ್ದು.”

ಅವ್ವ ಆ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಣ್ಣನ ಜಾಗಕ್ಕೆ ಬಂದವರು ಬೇರೆ ವಿಷಯದವರು. ಎರಡು ಪಾಲು ಮಾಡಿ ಅರೆಯುವ ಆ ಪ್ರಯೋಗವನ್ನು ಅಲ್ಲಿ ಯಾರೂ ಮಾಡಲಿಲ್ಲ. ಅಣ್ಣ ಕೇಳಿದ್ದಕ್ಕೆ ಉತ್ತರ ನಮ್ಮ ಮನೆಗೆ ಇನ್ನೂ ಬಂದಿಲ್ಲ.